ಕೆಂಗಲ್ಲಿನ ಕೆಂಪು, ಹಳೆಯ ಫಿಲ್ಮಿನ ಕೆಂಪು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಮುಟ್ಟುವುದರೊಳಗೆ, ಕೆಂಗಲ್ ಎದುರಾಗುತ್ತದೆ. 2023ರಲ್ಲಿ ತೆರೆದ ಹೊಸ ವೇಗಪಥವನ್ನು ಹಿಡಿದವರಿಗೆ ಈ ಭಾಗ್ಯವಿಲ್ಲ. ಅದು ಎರಡೂ ಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗಿಬಿಡುತ್ತದೆ. ಊರು ಚಿಕ್ಕದಾದರೂ ಹೆಸರು ನಾಡಿಗೆಲ್ಲ ಪರಿಚಿತ. 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿದ್ದು ವಿಧಾನಸೌಧದ ನಿರ್ಮಾಣಕ್ಕೆ ಕಾರಣರಾದ ಹನುಮಂತಯ್ಯನವರು ಕೆಂಗಲ್ಲನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ್ದವರು. ಇಲ್ಲಿಯ ಆಂಜನೇಯನು ಕೆಂಪು ಶಿಲೆಯಲ್ಲಿ ಮೂಡಿದವನೆಂದೂ ಆ ಕೆಂಪು ಕಲ್ಲಿನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಭಕ್ತರು ಹೇಳುತ್ತಾರೆ.

ಆದರೆ ಸುತ್ತಣ ಬಂಡೆಗಳ ಬಣ್ಣ ಯಾವುದೆಂದು ಕೇಳಿದರೆ ಒಂದೇ ಮಾತಿನ ಉತ್ತರವಿಲ್ಲ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರು ಭೂವಿಜ್ಞಾನಿಗಳ ಬಾಯಲ್ಲಿ ಇಂದಿಗೂ ಉಳಿದಿದೆ; ಸುಮಾರು 250 ಕೋಟಿ ವರ್ಷಗಳ ಹಿಂದಿನ ಈ ಶಿಲೆ ಅವರ ಪಾಲಿಗೆ ಕ್ಲೋಸ್‌ಪೇಟೆ ಗ್ರಾನೈಟ್. ಅದರೊಳಗಿನ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹರಳುಗಳು ನಸುಗೆಂಪು. ಬೆಳಗಿನಲ್ಲಿ ಗುಲಾಬಿ, ನಡುಹಗಲಿನಲ್ಲಿ ಬೂದಿ, ಸಂಜೆಗೆ ಸುಟ್ಟ ಇಟ್ಟಿಗೆ, ಮಳೆ ಹನಿದರೆ ಕಪ್ಪು. ಕಣ್ಣಿಗೇ ಸಿಕ್ಕಿ ನಿಲ್ಲದ ಈ ಬಣ್ಣವನ್ನು ಅವಧಿ ಮೀರಿದ ಕಲರ್ ಫಿಲ್ಮಿನಲ್ಲಿ ಹಿಡಿಯಹೊರಡುವವರ ಧೈರ್ಯವನ್ನು ಮೆಚ್ಚಬೇಕು.

ಅಂಥವರು ಈಗಲೂ ಉಂಟೆ ಎಂದು ವಾಚಕರು ಕೇಳಬಹುದು. ಉಂಟು. ಬೀರುವಿನಲ್ಲಿ, ಮಡಿಸಿಟ್ಟ ರೇಷ್ಮೆ ಸೀರೆಗಳ ಅಡಿಯಲ್ಲಿ, 2004 ಎಂದು ಮುದ್ರೆಯೊತ್ತಿದ ಫಿಲ್ಮಿನ ಡಬ್ಬಿಯೊಂದು ಸಿಕ್ಕಿತೆನ್ನಿ. ಕೊಂಡುತಂದ ಹಿರಿಯರು ಈಗಿಲ್ಲ. ಅವರ ಕ್ಯಾಮರಾ ಮಾತ್ರ ಇದೆ. ಸುರುಳಿಯಲ್ಲಿ 36 ಚಿತ್ರಗಳಿಗೆ ಎಡೆಯುಂಟು. ಅದನ್ನು ಕ್ಯಾಮರಾಕ್ಕೆ ತುಂಬುವ ಮೊದಲು ನೋಡಬೇಕಾದುದು ಒಂದಿದೆ: ಫಿಲ್ಮಿನ ನಾಲಗೆ ಹೊರಗೆ ಚಾಚಿಕೊಂಡಿದೆಯೇ, ಪೂರ್ಣವಾಗಿ ಒಳಗೆ ಸರಿದಿದೆಯೇ? ಒಳಗೆ ಸರಿದಿದ್ದರೆ ಅದು ಬಹುಶಃ ಆಗಲೇ ತೆಗೆದು ಮುಗಿಸಿದ ಸುರುಳಿ. ತೊಳೆಸದೆ ಉಳಿದ ಆ ಹಿರಿಯರ ಕೊನೆಯ ಚಿತ್ರಗಳು ಅದರಲ್ಲಿ ಇರಬಹುದು. ಅದರ ಮೇಲೆ ಮತ್ತೆ ಚಿತ್ರ ತೆಗೆದರೆ ಅವರ ಮುಖವೂ ಇಲ್ಲ, ಕೆಂಗಲ್ಲಿನ ಬಂಡೆಯೂ ಇಲ್ಲ. ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ. ಡಬ್ಬಿಯ ಮೇಲೆ ಕೋಡಾಕ್ರೋಮ್ ಎಂದಿದ್ದರಂತೂ ಬಣ್ಣದ ಆಸೆಯನ್ನೇ ಬಿಡಬೇಕು. ಅದನ್ನು ತೊಳೆಯುತ್ತಿದ್ದ ಕೊನೆಯ ಪ್ರಯೋಗಶಾಲೆ ಅಮೆರಿಕದ ಕಾನ್ಸಾಸ್‌ನಲ್ಲಿತ್ತು. 2010ರ ಕೊನೆಗೆ ಆ ಕೆಲಸ ನಿಂತುಹೋಯಿತು. ಈಗ ಕಪ್ಪು-ಬಿಳುಪಿನಲ್ಲಿ ಸಿಕ್ಕಿದಷ್ಟೇ ಲಾಭ.

ನಾಲಗೆ ಹೊರಗಿದ್ದರೆ ಪಯಣಕ್ಕೆ ಅಡ್ಡಿಯಿಲ್ಲ. ಆದರೆ ಮೊಮ್ಮಗುವಿನ ನಾಮಕರಣಕ್ಕೆ ಈ ಸುರುಳಿಯನ್ನು ನಂಬುವುದು ಬೇಡ. ಕೆಂಗಲ್ಲಿನ ಬಂಡೆಯ ಚಿತ್ರ ಕೆಟ್ಟರೆ ಇನ್ನೊಂದು ಭಾನುವಾರ ಹೋಗಿ ತೆಗೆಯಬಹುದು. ಕಲರ್ ಫಿಲ್ಮಿನಲ್ಲಿ ನೀಲಿಗೊಂದು, ಹಸುರಿಗೊಂದು, ಕೆಂಪಿಗೊಂದು ಎಂದು ಬೆಳಕಿಗೆ ಸ್ಪಂದಿಸುವ ಪದರಗಳಿರುತ್ತವೆ. ವಯಸ್ಸಾದಂತೆ ಇವು ಒಟ್ಟಿಗೆ ಸೊರಗುವುದಿಲ್ಲ, ಒಂದು ಮುಂದು, ಒಂದು ಹಿಂದು. ಬಣ್ಣ ವಾಲುವುದು ಇದರಿಂದಲೇ. ಜೊತೆಗೆ ಮಂಜು ಕವಿದಂತೆ ಮಬ್ಬು ಏರುತ್ತದೆ, ಬೆಳಕಿನ ಗ್ರಹಣಶಕ್ತಿ ಇಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಬೆಳಕನ್ನು ಇಮ್ಮಡಿಗೊಳಿಸಬೇಕೆಂಬುದು ನೆಗೆಟಿವ್ ಫಿಲ್ಮಿಗೆ ಬಳಕೆಯಲ್ಲಿರುವ ಒಂದು ಅಂದಾಜು. ಆ ಲೆಕ್ಕದಲ್ಲಿ 400ರ ವೇಗದ ಈ ಸುರುಳಿಯನ್ನು 100 ಎಂದು ಭಾವಿಸಬೇಕು. ಬೀರು ತಂಪಾದ ಕೋಣೆಯಲ್ಲಿತ್ತೇ, ಅಡಿಗೆಮನೆಯ ಗೋಡೆಗೆ ಆತುಕೊಂಡಿತ್ತೇ ಎಂಬುದರ ಮೇಲೆ ಲೆಕ್ಕ ಹೆಚ್ಚು-ಕಡಿಮೆಯಾಗುತ್ತದೆ. ಸ್ಲೈಡ್ ಫಿಲ್ಮು ಇಂಥ ಔದಾರ್ಯವನ್ನು ಸಹಿಸದು.

ಆದ್ದರಿಂದ ಕೆಂಗಲ್ಲಿಗೆ ಬೆಳಗಿನ ಬಿಸಿಲಿನಲ್ಲಿ ತಲುಪುವುದು ಲೇಸು. ಗರ್ಭಗುಡಿಯ ದೀಪದ ಬೆಳಕಿನಲ್ಲಿ ಹಳೆಯ ಫಿಲ್ಮಿಗೆ ಏನೂ ಕಾಣದು. ಅಲ್ಲಿ ಕ್ಯಾಮರಾವನ್ನು ಚೀಲಕ್ಕಿಳಿಸಿ ಕೈಮುಗಿಯುವುದೇ ಸರಿ. ಸಂಕ್ರಾಂತಿಯ ಸುಮಾರಿಗೆ ಸೇರುವ ದನಗಳ ಜಾತ್ರೆಯಾದರೆ ಚಿತ್ರಗಳಿಗೆ ಬರವಿಲ್ಲ. ಬಿಳಿಯ ಎತ್ತುಗಳು ಫಿಲ್ಮು ಯಾವ ಕಡೆಗೆ ವಾಲಿದೆಯೆಂಬುದನ್ನು ತಟ್ಟನೆ ಹೇಳಿಬಿಡುತ್ತವೆ: ಬಿಳುಪು ನಸುಹಸುರಾಯಿತೋ, ನೇರಳೆಯಾಯಿತೋ ಎಂದು. ಇನ್ನೂ ಒಳ್ಳೆಯ ಸಾಕ್ಷಿ ಚನ್ನಪಟ್ಟಣದಲ್ಲಿದೆ. ಅಲ್ಲಿ ಹಾಲೆಮರದ ತುಂಡನ್ನು ಚರಕಿಗೆ ಕಟ್ಟಿ, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಬೊಂಬೆ ಮಾಡುತ್ತಾರೆ. ಅಂಥದೊಂದು ಕೆಂಪು ಬೊಂಬೆಯನ್ನು ಮೊದಲೇ ಕೊಂಡು ಬಂಡೆಯ ಮೇಲೆ ನಿಲ್ಲಿಸಿ ಒಂದು ಚಿತ್ರ ತೆಗೆಯಬೇಕು. ಕಲ್ಲಿನ ಕೆಂಪು ನೆನಪಿನಲ್ಲಿ ಬದಲಾಗುತ್ತದೆ. ಮನೆಗೆ ತಂದ ಬೊಂಬೆಯ ಕೆಂಪನ್ನು ಕೈಯಲ್ಲಿ ಹಿಡಿದು ನೋಡಬಹುದು.

ಸುರುಳಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವಂತಿಲ್ಲ. 20 ವರ್ಷ ಬೀರುವಿನಲ್ಲಿ ಬದುಕಿದ್ದು ಒಂದು ಮಧ್ಯಾಹ್ನದಲ್ಲಿ ಇನ್ನಷ್ಟು ಕೆಡಬಹುದು. ಉಳಿದ ಹಳೆಯ ಸುರುಳಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ರೆಫ್ರಿಜರೇಟರಿನಲ್ಲಿಡಬಹುದು. ಮನೆಯಾಕೆ ಆಕ್ಷೇಪಿಸದಿದ್ದರೆ ಬರ್ಫದ ಕೋಣೆ ಮತ್ತೂ ಉತ್ತಮ. ಹೊರತೆಗೆದೊಡನೆ ಮುಚ್ಚಳ ತೆರೆಯಬಾರದು. ಒಂದೆರಡು ಗಂಟೆ ಕಳೆದು ಕೋಣೆಯ ಶಾಖಕ್ಕೆ ಬರಲಿ. ಇಲ್ಲವಾದರೆ ತಣ್ಣನೆಯ ಫಿಲ್ಮಿನ ಮೇಲೆ ಬೆವರು ಕೂಡುತ್ತದೆ.

ಹಿಂದಿರುಗುವಾಗ ರಾಮನಗರದಲ್ಲಿ ಸಿಗುವ ರಾಮದೇವರ ಬೆಟ್ಟ 'ಶೋಲೆ' ಚಿತ್ರದ ನೆಲ. ಅಲ್ಲಿ 1973ರಲ್ಲಿ ಚಿತ್ರೀಕರಣ ಆರಂಭವಾಗಿ, 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ದಶಕಗಳ ಬಳಿಕ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಅದನ್ನು ಪುನರುಜ್ಜೀವಿಸಹೊರಟಾಗ ಮೂಲ ನೆಗೆಟಿವ್ ತೀರ ಹಾಳಾಗಿತ್ತು. ಅಸಿಟೇಟ್ ಫಿಲ್ಮು ಶಾಖ, ತೇವಗಳಲ್ಲಿ ಕೊಳೆತಾಗ ವಿನಿಗರಿನ ಹುಳಿವಾಸನೆ ಹೊಮ್ಮುತ್ತದೆ. ಆ ರೋಗವೇ ಅದಕ್ಕೂ ತಗುಲಿತ್ತು. ಬ್ರಿಟನ್ನಿನಲ್ಲಿಯೂ ಮುಂಬಯಿಯಲ್ಲಿಯೂ ಉಳಿದಿದ್ದ ನಡುವಣ ಪ್ರತಿಗಳು ಕೈಹಿಡಿದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯದಲ್ಲಿ ಚಿತ್ರ ಮತ್ತೆ ಪ್ರದರ್ಶಿತವಾಯಿತು. ಬೀರುವಿನ ಸುರುಳಿಗೆ ಅಂಥ ಪ್ರತಿಯೊಂದು ಎಲ್ಲಿಯೂ ಇಲ್ಲ.

ಆದಕಾರಣ ಚಿತ್ರ ತೆಗೆದ ವಾರದಲ್ಲೇ ಅದನ್ನು ತೊಳೆಸಲು ಕಳಿಸುವುದು ವಾಸಿ. ಮೂಡಿದ ಬಿಂಬ ಹಳೆಯ ಫಿಲ್ಮಿನಲ್ಲಿ ಬೇಗ ಮಾಸುತ್ತದೆ. ಚಿತ್ರಗಳು ಬಂದಾಗ ಮನೆಮಂದಿಯೆಲ್ಲ ಬೊಂಬೆಯನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಬೊಂಬೆ ಕೆಂಪಾಗುವವರೆಗೆ ಬಣ್ಣವನ್ನು ತಿದ್ದಿದರೆ ಬಂಡೆಯ ಬಿಸಿಲ ಮೈ ಸರಿಹೋಗುತ್ತದೆ, ನೆರಳು ಮಾತ್ರ ನೇರಳೆಯಾಗಿಯೇ ಉಳಿಯುತ್ತದೆ. ನೆರಳನ್ನು ತಿದ್ದಹೊರಟರೆ ಬೊಂಬೆ ಬಾಡುತ್ತದೆ.