ನಯಾಗರಾ ಪಕ್ಕದಲ್ಲೊಂದು ಕಾಗದದ ಕಣಜ

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ತಿಪಟೂರಿನ ಗೆಳತಿಯರೆಲ್ಲ ಕೇಳುವ ಮೊದಲ ಪ್ರಶ್ನೆ, "ನಯಾಗರಾ ನೋಡಿದ್ರಾ?" ಎಂದು. ನೋಡಿದೆ. ಪ್ಲಾಸ್ಟಿಕ್ ಕೋಟು ತೊಟ್ಟು ದೋಣಿಯಲ್ಲಿ ಕೂತು, ಸೀರೆಯ ನೆರಿಗೆಯೆಲ್ಲ ತೋಯಿಸಿಕೊಂಡು ಬಂದೆ. ಆದರೆ ಸೋದರಿಯರೇ, ಇಂದು ನಾನು ಹೇಳಹೊರಟಿರುವುದು ಆ ನೀರಿನ ಸುದ್ದಿಯಲ್ಲ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಬಫೆಲೋ ಊರಿನಲ್ಲಿ ಕಂಡ ಕಾಗದಗಳ ಸುದ್ದಿ.

ನಾನು ಹೋದದ್ದು ತಂಗಿಯ ಬಾಣಂತನಕ್ಕೆ. ಅಮ್ಮ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಅವಳು ಹೋಗಿ ಐದು ವರ್ಷವಾಯಿತು. ಮನೆಯೊಳಗೆ ಕಾಲಿಟ್ಟು ನೀರು ಕುಡಿಯುವ ಮೊದಲೇ ತಂಗಿ ಕೇಳಿದಳು, "ಅಕ್ಕಾ, ಅಮ್ಮನ ಪುಸ್ತಕ ತಂದ್ಯಾ? ಬಾಣಂತಿ ಲೇಹ್ಯದ ಅಳತೆ ಅದರಲ್ಲೇ ಇರೋದು." "ಅಯ್ಯೋ, ಮರೆತು ಬಂದೆ ಕಣೇ" ಎಂದುಬಿಟ್ಟೆ. ಅದು ಸುಳ್ಳು. ಆ ಸುಳ್ಳಿನ ಕಥೆಗೆ ಆಮೇಲೆ ಬರುತ್ತೇನೆ.

ಹೆರಿಗೆಗೆ ಇನ್ನೂ ಎರಡು ವಾರವಿತ್ತು. ಓಡಾಡಿಕೊಂಡಿರಲಿ ಎಂದು ಡಾಕ್ಟರು ಹೇಳಿದ್ದರು. ತಂಗಿಯ ಗಂಡನಿಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. "ಅಕ್ಕಾ, ನಮ್ಮ ಲೈಬ್ರರಿಯಲ್ಲಿ ಒಂದು ವಿಶೇಷ ಇದೆ, ಬನ್ನಿ" ಎಂದು ಇಬ್ಬರನ್ನೂ ಕರೆದುಕೊಂಡು ಹೋದರು. ಕೇಪನ್ ಹಾಲ್ ಎಂಬ ದೊಡ್ಡ ಕಟ್ಟಡದ ನಾಲ್ಕನೆಯ ಮಹಡಿ. ಚೀಲ ಹೊರಗೇ ಇಡಬೇಕು, ಪೆನ್ನು ಮುಟ್ಟುವ ಹಾಗಿಲ್ಲ, ಬರೆಯುವುದಿದ್ದರೆ ಪೆನ್ಸಿಲ್ ಮಾತ್ರ! ನನಗೆ ನಮ್ಮಜ್ಜಿಯ ಮಡಿ ಅಡುಗೆಮನೆ ನೆನಪಾಗಿ ನಗು ಬಂತು.

ಇಷ್ಟೆಲ್ಲ ಮಡಿ ಯಾರ ಕಾಗದಕ್ಕೆ? ಜೇಮ್ಸ್ ಜಾಯ್ಸ್ ಎಂಬ ಐರ್ಲೆಂಡಿನ ಕಾದಂಬರಿಕಾರನ ಕಾಗದಕ್ಕೆ. 1882ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್ ಎಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದವನು. ಅವನ 'ಯೂಲಿಸಿಸ್' ಕಾದಂಬರಿಯಲ್ಲಿ ನಡೆಯುವುದು ಒಂದೇ ಒಂದು ದಿನದ ಕಥೆ, 1904ರ ಜೂನ್ 16. ಕೊನೆಯ ಅಧ್ಯಾಯದಲ್ಲಿ ಮಲಗಿದ ಹೆಂಡತಿಯೊಬ್ಬಳ ಮನಸ್ಸಿನಲ್ಲಿ ಓಡುವ ಯೋಚನೆಗಳು. ಅದರಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳೇ ಇಲ್ಲವೆನ್ನುವಷ್ಟು ಕಡಿಮೆಯಂತೆ! ರಾತ್ರಿ ನಿದ್ದೆ ಬಾರದೆ ಹಾಲಿನ ಲೆಕ್ಕ, ಮಗಳ ಫೀಸು, ಹಳೆಯ ಮುನಿಸು ಎಲ್ಲ ಒಟ್ಟಿಗೆ ನುಗ್ಗುವುದು ನಮಗೇನು ಹೊಸದೇ? ಅದಾದ ಮೇಲೆ 'ಫಿನೆಗನ್ಸ್ ವೇಕ್' ಎಂಬ ಇನ್ನೊಂದು ಕಾದಂಬರಿಗೆ ಸುಮಾರು 17 ವರ್ಷ ಕೂತ. 1939ರಲ್ಲಿ ಅದು ಅಚ್ಚಾಯಿತು. ಪಂಡಿತರಿಗೂ ಅರ್ಥವಾಗುವುದು ಕಷ್ಟ ಎನ್ನುತ್ತಾರೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ, ಅದರ ತಂಟೆಗೆ ಹೋಗಲಿಲ್ಲ.

ಅಲ್ಲಿ ಅವನ ಕಾಗದಗಳೇ 10,000 ಪುಟಕ್ಕೂ ಹೆಚ್ಚು ಇವೆ. ಅವನ ಕನ್ನಡಕ, ಊರುಗೋಲು, ಮನೆಯವರ ಚಿತ್ರಪಟಗಳೂ ಇವೆ. ಪಾಪ, ಕಣ್ಣಿಗೆ ಹತ್ತಕ್ಕೂ ಹೆಚ್ಚು ಸಲ ಆಪರೇಷನ್ ಮಾಡಿಸಿಕೊಂಡವನು. ನಾನು ಬೆರಗಾದದ್ದು ಅವನ ಟಿಪ್ಪಣಿ ಪುಸ್ತಕದ ಒಂದು ಹಾಳೆಯ ಪಡಿಯಚ್ಚು ನೋಡಿ. ಇಂಥ ಪುಸ್ತಕಗಳು ಅಲ್ಲಿ ಅರವತ್ತಕ್ಕೂ ಹೆಚ್ಚು. ಹಾಳೆಯ ತುಂಬ ತುಂಡು ತುಂಡು ಮಾತು, ಅದರ ಮೇಲೆ ಬಣ್ಣದ ಬಳಪದ ಗೀಟು. "ಇಷ್ಟೊಂದು ತಪ್ಪಾ?" ಎಂದೆ. "ತಪ್ಪಲ್ಲ ಅಕ್ಕಾ. ಆ ಮಾತನ್ನು ಕಾದಂಬರಿಯಲ್ಲಿ ಬಳಸಿಯಾಯಿತು ಅಂತ ಗುರುತು" ಎಂದರು. ನಾವು ಸಾಮಾನಿನ ಚೀಟಿಯಲ್ಲಿ ತೊಗರಿಬೇಳೆ ತಂದಾದ ಮೇಲೆ ಗೀಟು ಹೊಡೆಯುತ್ತೇವಲ್ಲ, ಹಾಗೇ!

ಈ ಕಾಗದಗಳು ಉಳಿದ ಕಥೆ ಕೇಳಿ. 1911ರಲ್ಲಿ ಟ್ರಿಯೆಸ್ಟ್‌ನಲ್ಲಿ ಜಾಯ್ಸ್ ಸಿಟ್ಟಿನ ಭರದಲ್ಲಿ ಒಂದು ಹಸ್ತಪ್ರತಿಯನ್ನು ಒಲೆಗೆ ಎಸೆದನಂತೆ. ಓಡಿಬಂದು ಹೊರಗೆಳೆದವಳು ತಂಗಿ ಐಲೀನ್. ಯಾರೂ ಅಚ್ಚು ಹಾಕಲು ಧೈರ್ಯ ಮಾಡದ 'ಯೂಲಿಸಿಸ್'ಅನ್ನು 1922ರ ಫೆಬ್ರವರಿ 2ರಂದು, ಅವನ ನಲವತ್ತನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ ಹೊರತಂದವಳು ಸಿಲ್ವಿಯಾ ಬೀಚ್, ಪ್ಯಾರಿಸ್‌ನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಅಮೆರಿಕದ ಹೆಣ್ಣುಮಗಳು. 1941ರಲ್ಲಿ ಜರ್ಮನ್ ಅಧಿಕಾರಿಯೊಬ್ಬ ಅಂಗಡಿಯ ಸಾಮಾನೆಲ್ಲ ವಶಪಡಿಸಿಕೊಳ್ಳುತ್ತೇನೆ ಎಂದಾಗ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಮೇಲಿನ ಮಹಡಿಗೆ ಸಾಗಿಸಿ ಬಚ್ಚಿಟ್ಟಳು. ಜಾಯ್ಸ್ ಬಿಟ್ಟುಹೋದ ಮನೆಯಿಂದ ಕಾಗದಗಳನ್ನು ಹೊರತಂದವನು ಗೆಳೆಯ ಪಾಲ್ ಲಿಯೋನ್. ಯಹೂದಿಯಾದ ಆತನನ್ನು ನಾಜಿಗಳು 1942ರಲ್ಲಿ ಕೊಂದರು. ಯುದ್ಧ ಮುಗಿದ ಮೇಲೆ, 1950ರಲ್ಲಿ, ಬಫೆಲೋದ ಮಾರ್ಗರೆಟಾ ವಿಕ್ಸರ್ ತೀರಿಹೋದ ಗಂಡನ ನೆನಪಿಗೆಂದು ಹಣ ಕೊಟ್ಟರು. ಆ ಹಣದಿಂದ ಪ್ಯಾರಿಸ್‌ನ ಮೊದಲ ದೊಡ್ಡ ಕಂತು ಇಲ್ಲಿಗೆ ಬಂತು. ಸಿಲ್ವಿಯಾ ಬೀಚ್ ಕಾಪಾಡಿದ್ದವೂ ಮುಂದೆ ಇಲ್ಲಿಗೇ ಸೇರಿದವು. ಬರೆದವನು ಒಬ್ಬ, ಕಾದವರು ಎಷ್ಟು ಜನ ನೋಡಿ! ಅದರಲ್ಲೂ ಹೆಂಗಸರೇ ಹೆಚ್ಚು.

ಇದನ್ನೆಲ್ಲ ಕೇಳುತ್ತಾ ನನ್ನ ಮುಖ ಸಣ್ಣಗಾಯಿತು. ಈಗ ಆ ಸುಳ್ಳಿನ ಕಥೆ.

ಅಮ್ಮನ ಪುಸ್ತಕವೆಂದರೆ ಅಣ್ಣ, ಅಂದರೆ ನಮ್ಮ ತಂದೆಯವರ ಒಂದು ಹಳೆಯ ಡೈರಿ. ಲೇಹ್ಯದ ಅಳತೆ, ಹಪ್ಪಳದ ಹದ, ಅಗಸನ ಲೆಕ್ಕ, ಹಸೆ ಹಾಡು, ನಾವು ಹುಟ್ಟಿದ ಗಳಿಗೆ, ಎಲ್ಲ ಒಂದರ ಹಿಂದೆ ಒಂದು. ಅವಳೂ ಎಲ್ಲೂ ಪೂರ್ಣವಿರಾಮ ಹಾಕಿದವಳಲ್ಲ. ಮೂರು ವರ್ಷದ ಹಿಂದೆ ಮನೆ ಬದಲಾಯಿಸುವಾಗ ಅದು ಕೈಗೆ ಸಿಕ್ಕಿತು. ಎಣ್ಣೆ ಕಲೆ, ಜಿರಲೆ ವಾಸನೆ. ಎರಡು ಹಾಳೆ ತಿರುಗಿಸಿದೆ, ಹಳೆಯ ಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿಗೆ ಹಾಕಿದೆ. ಗೊತ್ತಿಲ್ಲದೆ ಹೋಯಿತು ಎನ್ನಲಾರೆ, ಗೊತ್ತಿದ್ದೇ ಹಾಕಿದೆ. ಬಂದ ದುಡ್ಡಿಗೆ ಒಂದು ಬಕೆಟ್ ಕೊಂಡೆ. ಅದಿನ್ನೂ ನಮ್ಮ ಬಚ್ಚಲಿನಲ್ಲಿದೆ.

ಹಿಂದಿರುಗುವಾಗ ಕಾರಿನಲ್ಲಿ ತಂಗಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಮನೆ ಬರುವವರೆಗೂ ಮಾತಿಲ್ಲ. ರಾತ್ರಿ ಊಟಕ್ಕೆ ಬಡಿಸಿದೆ, ಸುಮ್ಮನೆ ಉಂಡಳು. ಆಮೇಲೆ ತಾನೇ ಒಂದು ನೋಟ್‌ಬುಕ್ಕು, ಪೆನ್ಸಿಲು ತಂದು ನನ್ನ ಮುಂದಿಟ್ಟು, "ನಿನಗೆ ನೆನಪಿರೋದು ಹೇಳು ಅಕ್ಕಾ" ಎಂದಳು.

ಕೂತೆವು. ಶುಂಠಿ, ಮೆಣಸು, ಜೀರಿಗೆ, ಓಮ, ಬೆಲ್ಲ, ತುಪ್ಪದ ತನಕ ತಕರಾರಿಲ್ಲ. ಹಿಪ್ಪಲಿಗೆ ಬಂದಾಗ ಜಗಳ ಶುರು! ಅಮ್ಮ ಅದನ್ನು ಹುರಿದು ಪುಡಿ ಮಾಡುತ್ತಿದ್ದಳು ಎಂದು ನಾನು, ಬರೀ ಬಿಸಿಲಿಗಿಟ್ಟು ಕುಟ್ಟುತ್ತಿದ್ದಳು ಎಂದು ಅವಳು. ಕೇಳೋಣವೆಂದರೆ ಅಮ್ಮನಿಲ್ಲ, ನೋಡೋಣವೆಂದರೆ ಪುಸ್ತಕವಿಲ್ಲ. ಕೊನೆಗೆ ಎರಡನ್ನೂ ಬರೆದೆವು. ಯಾವುದಕ್ಕೂ ಗೀಟು ಹೊಡೆಯಲಿಲ್ಲ. ಎರಡು ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಗಳಿಗೆಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಬಂದೆ.

ಸೋದರಿಯರೇ, ನಿಮ್ಮ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಅದಕ್ಕೆ ಮಡಿ ಬೇಡ, ಬೀಗ ಬೇಡ. ಬಿಸಿಲಿಗೆ ಹಿಡಿದು, ಒಣಗಿದ ಬೇವಿನೆಲೆ ಹಾಕಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡಿ. ರದ್ದಿಯವನು ಬೀದಿಯಲ್ಲಿ ಕೂಗಿದ ದಿನ ಅವಸರ ಮಾಡಬೇಡಿ. ಅವನು ಮುಂದಿನ ವಾರವೂ ಬರುತ್ತಾನೆ.