ಬೆಂಕಿಯನ್ನು ದಾಟಿ ಬಂದ ದಿನಸಿ ವ್ಯಾನು

2001ರ ಜುಲೈ. ಅಮೆರಿಕದಲ್ಲಿ ವೆಬ್‌ವ್ಯಾನ್ ದಿವಾಳಿ ಎದ್ದಿತು. ಇಂಟರ್ನೆಟ್‌ನಲ್ಲಿ ದಿನಸಿ ಮಾರುತ್ತೇವೆಂದು ಹೊರಟ ಕಂಪನಿ ಅದು. ದೈತ್ಯ ಗೋದಾಮುಗಳನ್ನು ಕಟ್ಟಿತು, ಕೋಟಿ ಕೋಟಿ ಡಾಲರ್ ಸುರಿಯಿತು, ಮುಗ್ಗರಿಸಿತು, ಮಣ್ಣುಪಾಲಾಯಿತು. ಈ ದಾರಿಯಲ್ಲಿ ಹೋದವರು ಉಳಿಯುವುದಿಲ್ಲ ಎಂದು ಹೂಡಿಕೆದಾರರು ಷರಾ ಬರೆದರು.

ಅದೇ ಹೊತ್ತಿಗೆ ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್‌ನಲ್ಲಿ ಮೂವರು ಅದೇ ದಾರಿಗೆ ಇಳಿದಿದ್ದರು. ಟಿಮ್ ಸ್ಟೈನರ್, ಜೊನಾಥನ್ ಫೇಮನ್, ಜೇಸನ್ ಗಿಸಿಂಗ್. ಮೂವರೂ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಭರ್ಜರಿ ಸಂಬಳದ ನೌಕರಿ ಬಿಟ್ಟು ಬಂದವರು. ಸ್ಟೈನರ್ ಬಾಂಡ್ ವ್ಯಾಪಾರಿ. ವಯಸ್ಸು ಮೂವತ್ತು ದಾಟಿತ್ತಷ್ಟೆ. ಅಂಗಡಿ ನಡೆಸಿ ಗೊತ್ತಿಲ್ಲ, ತರಕಾರಿ ಮಾರಿ ಗೊತ್ತಿಲ್ಲ. 2000ದಲ್ಲಿ ಒಕಾಡೊ ಕಂಪನಿ ಕಟ್ಟಿದರು. ವೇಟ್‌ರೋಸ್ ಅಂಗಡಿಗಳ ಒಡೆಯರಾದ ಜಾನ್ ಲೂಯಿಸ್ ಸಂಸ್ಥೆ ದುಡ್ಡು ಹಾಕಿತು, ಸರಕು ಕೊಡಲು ಒಪ್ಪಿತು. ಹಿಂದೆ ಸರಿಯಲು ವೆಬ್‌ವ್ಯಾನ್‌ಗಿಂತ ಒಳ್ಳೆಯ ನೆಪ ಯಾರಿಗೂ ಸಿಗುತ್ತಿರಲಿಲ್ಲ.

ಸ್ಟೈನರ್ ಸರಿಯಲಿಲ್ಲ.

ಹ್ಯಾಟ್‌ಫೀಲ್ಡ್ ಸಾಮಾನ್ಯ ನೆಲವಲ್ಲ. ಡಿ ಹ್ಯಾವಿಲೆಂಡ್ ಕಂಪನಿಯ ವಿಮಾನ ಕಾರ್ಖಾನೆ ಇದ್ದ ಊರು. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ 1949ರಲ್ಲಿ ಹಾರಿದ್ದು ಇಲ್ಲಿಂದಲೇ. ಆ ಹಳೆಯ ಏರೋಡ್ರೋಮಿನ ಜಾಗದಲ್ಲಿ ಗೋದಾಮು ಎದ್ದಿತು. ಒಳಗೆ ಕಣ್ಣು ಹಾಯುವವರೆಗೂ ಕನ್ವೇಯರ್ ಪಟ್ಟಿಗಳು. ಪಟ್ಟಿಗಳ ಮೇಲೆ ಓಡುವ ಪ್ಲಾಸ್ಟಿಕ್ ಕ್ರೇಟುಗಳು. ಓಡಬೇಕು, ತಿರುಗಬೇಕು, ನಿಲ್ಲಬೇಕು, ತುಂಬಿಕೊಳ್ಳಬೇಕು, ಮತ್ತೆ ಓಡಬೇಕು.

ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಸಂಸ್ಥೆ ಟೆಸ್ಕೊ ಸುಲಭದ ದಾರಿ ಹಿಡಿದಿತ್ತು. ಇದ್ದ ಅಂಗಡಿಯಲ್ಲೇ ನೌಕರರು ತಳ್ಳುಗಾಡಿ ತಳ್ಳುತ್ತಾ ಸಾಮಾನು ಆರಿಸುತ್ತಿದ್ದರು. ಸ್ಟೈನರ್‌ಗೆ ಅಂಗಡಿಯೇ ಬೇಡ. ಎಲ್ಲವೂ ಒಂದೇ ಸೂರಿನಡಿಯಿಂದ, ಯಂತ್ರದಿಂದ, ನೇರ ಅಡುಗೆಮನೆಗೆ.

ಇದು ಎಷ್ಟು ಕಷ್ಟ ಗೊತ್ತೆ? ಪುಸ್ತಕ ಮಾರುವವನಿಗೆ ಒಂದು ಪೊಟ್ಟಣ ಕಳಿಸಿದರೆ ಮುಗಿಯಿತು. ಇಲ್ಲಿ ಒಂದು ಮನೆಗೆ ಐವತ್ತು ಬಗೆ ಸಾಮಾನು. ಮೊಟ್ಟೆ ಒಡೆಯಬಾರದು. ಬ್ರೆಡ್ ಜಜ್ಜಬಾರದು. ಐಸ್‌ಕ್ರೀಮ್ ಕರಗಬಾರದು. ಉಗ್ರಾಣದ್ದು ಕೆಂಪು ಚೀಲ, ಫ್ರಿಜ್ಜಿನದ್ದು ನೇರಳೆ ಚೀಲ, ಫ್ರೀಜರಿನದ್ದು ಹಸಿರು ಚೀಲ. ಮೂರು ತಾಪಮಾನ, ಒಂದೇ ವ್ಯಾನು, ಗಿರಾಕಿ ಹೇಳಿದ ಒಂದೇ ಗಂಟೆಯ ಅವಧಿ. ಐವತ್ತರಲ್ಲಿ ಒಂದು ತಪ್ಪಿದರೂ ರಾತ್ರಿ ಅಡುಗೆ ಕೆಟ್ಟಿತು. ಲಾಭವೋ, ಪೌಂಡಿಗೆ ನಾಲ್ಕಾರು ಪೆನ್ಸ್.

2002ರಲ್ಲಿ ವ್ಯಾನುಗಳು ರಸ್ತೆಗಿಳಿದವು. ಹಣ ಕರಗತೊಡಗಿತು. ಒಂದು ವರ್ಷ ನಷ್ಟ. ಮರುವರ್ಷ ನಷ್ಟ. ಅದರ ಮರುವರ್ಷವೂ ನಷ್ಟ. ಸ್ಟೈನರ್ ಸಾಲ ಎತ್ತಿದ, ಬಂಡವಾಳ ತಂದ, ತಂತ್ರಾಂಶ ತಿದ್ದಿದ, ಪಟ್ಟಿಗಳನ್ನು ಮರುಜೋಡಿಸಿದ. 2010ರ ಜುಲೈನಲ್ಲಿ ಷೇರುಪೇಟೆಗೆ ಕಾಲಿಟ್ಟ. ಕನಿಷ್ಠ 200 ಪೆನ್ಸ್ ಬೇಕೆಂದಿದ್ದ ಷೇರು 180ಕ್ಕೆ ಇಳಿಯಿತು. ಮಾರುಕಟ್ಟೆ ಅದನ್ನೂ ಕೊಡಲೊಲ್ಲದು. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರ ಸೊನ್ನೆಯಂತೆ, ಕೊನೆಯದೂ ಸೊನ್ನೆಯಂತೆ, ಕಂಪನಿಯ ಬೆಲೆಯೂ ಸೊನ್ನೆ ಎಂದು ಲಂಡನ್ನಿನ ವಿಶ್ಲೇಷಕನೊಬ್ಬ ಬರೆದ. ಮರುವರ್ಷ ಕೊನೆಗೊಳ್ಳುವಷ್ಟರಲ್ಲಿ ಷೇರು ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು.

ಅದೇ ಹೊತ್ತಿಗೆ ವಾರ್ವಿಕ್‌ಶೈರ್‌ನ ಡಾರ್ಡನ್‌ನಲ್ಲಿ ಎರಡನೇ ಗೋದಾಮು ಏಳುತ್ತಿತ್ತು. ವೆಚ್ಚ 20 ಕೋಟಿ ಪೌಂಡಿಗೂ ಮೇಲೆ. ನಿಲ್ಲಿಸಿದರೆ ಸಾವು, ಮುಂದುವರಿಸಿದರೆ ಸಾಲದ ಕತ್ತಿ. 2012ರ ಕೊನೆಯಲ್ಲಿ ಹೊಸ ಷೇರು ಮಾರಿ ಸುಮಾರು 3.6 ಕೋಟಿ ಪೌಂಡ್ ಹೊಂದಿಸಿದ. ಬ್ಯಾಂಕುಗಳೊಂದಿಗೆ ಕೂತು ಸಾಲದ ಷರತ್ತು ಸಡಿಲಿಸಿಕೊಂಡ. ಉಸಿರು ಉಳಿಯಿತು. ಆದರೆ ಎಷ್ಟು ದಿನ?

2013ರ ಮೇ ತಿಂಗಳಲ್ಲಿ ಹಗ್ಗ ಸಿಕ್ಕಿತು. ಆನ್‌ಲೈನ್ ವ್ಯಾಪಾರವೇ ಇಲ್ಲದೆ ಹಿಂದೆ ಬಿದ್ದಿದ್ದ ಸೂಪರ್‌ಮಾರ್ಕೆಟ್ ಸಂಸ್ಥೆ ಮಾರಿಸನ್ಸ್ ಬಾಗಿಲು ತಟ್ಟಿತು. 17 ಕೋಟಿ ಪೌಂಡ್, 25 ವರ್ಷದ ಒಪ್ಪಂದ. ಸ್ಟೈನರ್ ಬದುಕಿನ ನಿಜವಾದ ತಿರುವು ಇದೇ ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಆತ ದಿನಸಿ ಮಾರುತ್ತಿದ್ದ. ಇಲ್ಲಿಂದ ದಿನಸಿ ಮಾರುವ ಯಂತ್ರವನ್ನೇ ಮಾರಲು ಹೊರಟ. 2014ರಲ್ಲಿ ಕಂಪನಿ ಮೊದಲ ಬಾರಿ ವರ್ಷದ ಲಾಭ ಕಂಡಿತು, 72 ಲಕ್ಷ ಪೌಂಡ್. ಹುಟ್ಟಿ ಹದಿನಾಲ್ಕು ವರ್ಷಗಳ ಮೇಲೆ!

ಆಗ ಆತ ಕೈಹಾಕಿದ್ದು ಹುಚ್ಚು ಸಾಹಸಕ್ಕೆ. ಕನ್ವೇಯರ್ ಪಟ್ಟಿಗಳನ್ನೇ ಕಿತ್ತೊಗೆಯುವ ಯೋಚನೆ ಅದು. ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸು. ಮೇಲೆ ಲೋಹದ ಜಾಲರಿ ಹಾಸು. ಜಾಲರಿಯ ಮೇಲೆ ರೋಬೋಟುಗಳನ್ನು ಓಡಿಸು. ಒಂದೊಂದೂ ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡದು. ಎಂಟು ಚಕ್ರ. ನಾಲ್ಕು ಚಕ್ರ ಎತ್ತಿ ನಾಲ್ಕನ್ನು ಇಳಿಸಿದರೆ ಉದ್ದಕ್ಕೆ ಓಡುತ್ತಿದ್ದದ್ದು ಅಡ್ಡಕ್ಕೆ ಓಡುತ್ತದೆ. ಸೆಕೆಂಡಿಗೆ 4 ಮೀಟರ್ ವೇಗ. ಎದುರಾದ ಎರಡು ರೋಬೋಟುಗಳ ನಡುವೆ ಉಳಿಯುವ ಅಂತರ 5 ಮಿಲಿಮೀಟರ್. ಬೇಕಾದ ಕ್ರೇಟಿನ ಮೇಲೆ ಗಕ್ಕನೆ ನಿಲ್ಲುತ್ತದೆ, ಕೊಕ್ಕೆ ಇಳಿಸುತ್ತದೆ, ಕ್ರೇಟನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಹಾರಿದಂತೆ ಹೊರಡುತ್ತದೆ. ಐವತ್ತು ಸಾಮಾನಿನ ಬುಟ್ಟಿ ಐದೇ ನಿಮಿಷದಲ್ಲಿ ಸಿದ್ಧ.

ಇಷ್ಟು ರೋಬೋಟುಗಳನ್ನು ಹತೋಟಿಯಲ್ಲಿಡಲು ಮಾಮೂಲಿ ವೈಫೈ ಸಾಲದಾಯಿತು. ಕೇಂಬ್ರಿಡ್ಜ್ ಕನ್ಸಲ್ಟೆಂಟ್ಸ್ ಜೊತೆ ಸೇರಿ, 4ಜಿ ಮೊಬೈಲ್ ತಂತ್ರವನ್ನು ಬಿಚ್ಚಿ ಜೋಡಿಸಿ, ತಮ್ಮದೇ ರೇಡಿಯೊ ಜಾಲ ಕಟ್ಟಿದರು. ಒಂದೇ ನೆಲೆಯಿಂದ ಸಾವಿರ ರೋಬೋಟುಗಳ ಜೊತೆ ಸೆಕೆಂಡಿಗೆ ಹತ್ತು ಸಲ ಮಾತು! 2016ರ ಕೊನೆಗೆ ಹ್ಯಾಂಪ್‌ಶೈರ್‌ನ ಆಂಡೋವರ್‌ನಲ್ಲಿ ಈ ಜಾಲರಿ ಜೀವ ತಳೆಯಿತು. ಜಗತ್ತು ನೋಡಲು ಬಂತು. ಫ್ರಾನ್ಸಿನ ಸೂಪರ್‌ಮಾರ್ಕೆಟ್ ಸಂಸ್ಥೆ ಕ್ಯಾಸಿನೊ ಸಹಿ ಹಾಕಿತು, ಕೆನಡಾದ ಸೋಬೀಸ್, ಸ್ವೀಡನ್ನಿನ ಐಸಿಎ ಸಹಿ ಹಾಕಿದವು. 2018ರ ಮೇ 17ರಂದು ಅಮೆರಿಕದ ಕ್ರೋಗರ್ ಒಪ್ಪಂದ ಪ್ರಕಟವಾಯಿತು. 20 ಗೋದಾಮುಗಳ ಯೋಜನೆ. ಒಂದೇ ದಿನ ಷೇರು ಶೇ. 44 ಜಿಗಿಯಿತು. ವೆಬ್‌ವ್ಯಾನ್ ಸತ್ತ ನೆಲಕ್ಕೇ ಸ್ಟೈನರ್ ತನ್ನ ಯಂತ್ರ ಹೊತ್ತು ಹೊರಟಿದ್ದ.

ಆಮೇಲೆ ಬಂತು 2019ರ ಫೆಬ್ರವರಿ 5.

ಆಂಡೋವರ್, ಬೆಳಗಿನ ಜಾವ. ಬ್ಯಾಟರಿ ಚಾರ್ಜಾಗುವ ಘಟಕದಲ್ಲಿ ವಿದ್ಯುತ್ ದೋಷ. ರೋಬೋಟೊಂದರ ಪ್ಲಾಸ್ಟಿಕ್ ಮುಚ್ಚಳ ಹೊತ್ತಿಕೊಂಡಿತು. ಕೆಳಗೆಲ್ಲ ಒತ್ತೊತ್ತಾಗಿ ಪೇರಿಸಿದ ಪ್ಲಾಸ್ಟಿಕ್ ಕ್ರೇಟುಗಳು. ಬೆಂಕಿ ಇಳಿಯಿತು, ಹರಡಿತು, ಚಾವಣಿ ಮುಟ್ಟಿತು. 200ಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಧಾವಿಸಿದರು. ಶೈತ್ಯಾಗಾರದ ಅಮೋನಿಯಾ ಸಿಡಿದರೆ? ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಿದರು. ಚಾವಣಿ ಕುಸಿಯಿತು.

ಅದೇ ದಿನ ಸ್ಟೈನರ್ ಲಂಡನ್ನಿನಲ್ಲಿ ಕಂಪನಿಯ ವಾರ್ಷಿಕ ಲೆಕ್ಕ ಮಂಡಿಸಬೇಕಿತ್ತು. ಮಂಡಿಸಿದ. ಅತ್ತ ಆತನ ಅತ್ಯುತ್ತಮ ಯಂತ್ರ ಉರಿಯುತ್ತಿತ್ತು. ನಾಲ್ಕು ದಿನ ಉರಿಯಿತು. ಕಂಪನಿಯ ಸಾಮರ್ಥ್ಯದ ಹತ್ತನೇ ಒಂದು ಪಾಲು ಬೂದಿಯಾಯಿತು. ಇದನ್ನೇ ನಂಬಿ ಸಹಿ ಹಾಕಿದ ವಿದೇಶಿ ಕಂಪನಿಗಳು ಈಗ ಏನು ಹೇಳುತ್ತವೆ?

ಒಪ್ಪಂದಗಳು ಉಳಿದವು. ರೋಬೋಟುಗಳ ಪ್ಲಾಸ್ಟಿಕ್ ಮುಚ್ಚಳ ತೆಗೆಸಿದರು. ಬೆಂಕಿ ಹತ್ತಿದ 22ನೇ ದಿನ, ಫೆಬ್ರವರಿ 27ರಂದು, ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ 75 ಕೋಟಿ ಪೌಂಡ್‌ವರೆಗೆ ಕೊಟ್ಟು ಒಕಾಡೊದ ದಿನಸಿ ವ್ಯಾಪಾರದಲ್ಲಿ ಅರ್ಧ ಪಾಲು ಕೊಳ್ಳುವುದಾಗಿ ಘೋಷಿಸಿತು. ಸುಟ್ಟ ವಾಸನೆ ಆರುವ ಮೊದಲೇ!  ನವೆಂಬರಿನಲ್ಲಿ ಜಪಾನಿನ ದಿನಸಿ ಸಂಸ್ಥೆ ಏಯಾನ್ ಕೂಡ ಸಹಿ ಹಾಕಿತು.

2020ರ ಮಾರ್ಚ್‌ನಲ್ಲಿ ಕೋವಿಡ್ ಅಪ್ಪಳಿಸಿತು. ಇಡೀ ಬ್ರಿಟನ್ ಒಮ್ಮೆಲೇ ಒಕಾಡೊ ಬಾಗಿಲಿಗೆ ನುಗ್ಗಿತು. ವೆಬ್‌ಸೈಟ್ ತತ್ತರಿಸಿತು. ಕೆಲವು ದಿನ ಮುಚ್ಚಿದರು, ಸರದಿ ಸಾಲು ಹಾಕಿದರು, ತೆರೆದರು. ಸೆಪ್ಟೆಂಬರ್ ಕೊನೆಗೆ ಮಾರುಕಟ್ಟೆ ಬೆಲೆ ಟೆಸ್ಕೊವನ್ನೇ ಮೀರಿಸಿತು, 2,000 ಕೋಟಿ ಪೌಂಡಿಗೂ ಮೇಲೆ. ಸೊನ್ನೆ ಎಂದು ಬರೆಸಿಕೊಂಡಿದ್ದ ಕಂಪನಿ!

ಅಕ್ಟೋಬರಿನಲ್ಲಿ ಮುಂದಿನ ಏಟು. ಪೇಟೆಂಟ್ ಕದ್ದಿದ್ದೀರಿ ಎಂದು ನಾರ್ವೆಯ ಗೋದಾಮು ರೋಬೋಟ್ ಕಂಪನಿ ಆಟೋಸ್ಟೋರ್ ಅಟ್ಲಾಂಟಿಕ್‌ನ ಎರಡೂ ದಡದ ಕೋರ್ಟುಗಳಲ್ಲಿ ದಾವೆ ಹೂಡಿತು. 2021ರ ಜುಲೈ 16ರಂದು ಥೇಮ್ಸ್ ದಂಡೆಯ ಎರಿತ್ ಗೋದಾಮಿನಲ್ಲಿ ಮೂರು ರೋಬೋಟುಗಳು ಡಿಕ್ಕಿಯಾಗಿ ಮತ್ತೆ ಬೆಂಕಿ. 800 ಜನ ಹೊರಗೋಡಿದರು. ಈ ಸಲ ಜಾಲರಿಯ ಸಣ್ಣ ಭಾಗವಷ್ಟೇ ಸುಟ್ಟಿತು. ಕೆಲವೇ ದಿನಗಳಲ್ಲಿ ಕೆಲಸ ಮರಳಿತು, ಅದೇ ವರ್ಷ ಆಂಡೋವರ್ ಕೂಡ ಬೂದಿಯಿಂದ ಎದ್ದು ಬಾಗಿಲು ತೆರೆಯಿತು. ದಾವೆ 2023ರಲ್ಲಿ ರಾಜಿಯಾಯಿತು. 20 ಕೋಟಿ ಪೌಂಡ್ ತೆತ್ತದ್ದು ದಾವೆ ಹೂಡಿದ ಆಟೋಸ್ಟೋರ್.

ಕೋವಿಡ್ ಇಳಿದ ಮೇಲೆ ಷೇರು ಜಾರಿತು, ಭಾರಿಯಾಗಿ ಜಾರಿತು. 2024ರಲ್ಲಿ ಲಂಡನ್ನಿನ ಅಗ್ರ ನೂರು ಕಂಪನಿಗಳ ಪಟ್ಟಿಯಿಂದ ಒಕಾಡೊ ಹೊರಬಿತ್ತು. 2025ರ ನವೆಂಬರಿನಲ್ಲಿ ಕ್ರೋಗರ್ ಮೂರು ಗೋದಾಮು ಮುಚ್ಚುವುದಾಗಿ ಹೇಳಿತು, ಡಿಸೆಂಬರಿನಲ್ಲಿ ಪರಿಹಾರವಾಗಿ 35 ಕೋಟಿ ಡಾಲರ್ ಕೊಡಲು ಒಪ್ಪಿತು. ಇದನ್ನೆಲ್ಲ ಕೂಡಿ ಕಳೆದು ಸ್ಟೈನರ್ ಸೋತ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆತನ ಹೂಡಿಕೆದಾರರು ಕಳೆದುಕೊಂಡ ಹಣ ಸುಳ್ಳಲ್ಲ, ಆ ನೋವೂ ಸುಳ್ಳಲ್ಲ. ಆದರೆ ಉರಿಯುವ ಗೋದಾಮನ್ನು ಹಿಂದಿಟ್ಟುಕೊಂಡು 22 ದಿನದಲ್ಲಿ ಅರ್ಧ ವ್ಯಾಪಾರ ಮಾರಿ ಮತ್ತೆ ಕಟ್ಟಲು ಕೂತವನ ಕೆಚ್ಚು ಷೇರು ದರದ ಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಅವನ ಜಾಲರಿ ಸಾಗರ ದಾಟಿದೆ. 2023ರ ಜುಲೈನಿಂದ ಜಪಾನಿನ ಚಿಬಾದಲ್ಲಿ ಆ ರೋಬೋಟುಗಳು ಏಯಾನ್ ಗಿರಾಕಿಗಳ ದಿನಸಿ ತುಂಬುತ್ತಿವೆ.