ಎರಡು ನಿಘಂಟುಗಳ ಊರು

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ರೈಲಿನಲ್ಲಿ ಸುಮಾರು ಒಂದು ತಾಸು ಪಯಣಿಸಿದರೆ ನೆಕ್ಕರ್ ನದಿಯ ದಡದ ಟ್ಯೂಬಿಂಗೆನ್ ಸಿಗುತ್ತದೆ. ಕಾಸರಗೋಡಿನಿಂದ ಹೊರಟ ನಾವು ನಾಲ್ವರು ಮಿತ್ರರು ಅಲ್ಲಿ ಒಂದು ದಿನ ತಂಗಿದೆವು. 1477ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾನಿಲಯವೇ ಈ ಪುಟ್ಟ ಊರಿನ ಜೀವಾಳ. ಖಗೋಳಜ್ಞ ಕೆಪ್ಲರ್ ಕಲಿತದ್ದು ಇಲ್ಲಿಯೇ. ನದಿಯಂಚಿನ ಹಳದಿ ಗೋಪುರದಲ್ಲಿ ಕವಿ ಹೋಲ್ಡರ್ಲಿನ್ ತನ್ನ ಬಾಳಿನ ಕೊನೆಯ 36 ವರ್ಷಗಳನ್ನು ಕಳೆದನು. ಕಲ್ಲು ಹಾಸಿದ ಏರುದಾರಿಯಲ್ಲಿ ಪೇಟೆಯ ಚೌಕಕ್ಕೆ ಬಂದರೆ, ಪುರಭವನದ ಮೇಲೆ 1511ರ ಖಗೋಳ ಗಡಿಯಾರ ಕಾಣುತ್ತದೆ.

ಊಟವೂ ಆ ಚೌಕದ ಬಳಿಯಲ್ಲೇ ಆಯಿತು. ಆ ಸೀಮೆಯವರು ವಿನಿಗರ್ ಸೇರಿಸಿ ಬೇಯಿಸಿದ ಬೇಳೆಯನ್ನು, ಮೊಟ್ಟೆ ಬೆರೆತ ಹಿಟ್ಟಿನ ‘ಶ್ಪೆಟ್ಸ್‌ಲೆ’ ಎಂಬ ಶಾವಿಗೆಯಂತಹ ತಿನಿಸಿನೊಡನೆ ಉಣ್ಣುತ್ತಾರೆ. ಜೊತೆಗೆ ಮಾಂಸದ ಸಾಸೇಜು. ನಮ್ಮೊಳಗಿನ ಶಾಕಾಹಾರಿಗಳು ಮಾಂಸ ಬೆರೆಸದ ಬೇಳೆಯನ್ನಷ್ಟೇ ಕೇಳಿ ಪಡೆದು, ರೊಟ್ಟಿಯೊಡನೆ ಉಂಡು, ಅದರ ಹುಳಿರುಚಿಗೆ ತೃಪ್ತರಾದರು.

ನಮ್ಮನ್ನು ಅಲ್ಲಿಗೆ ಸೆಳೆದ ಕಾರಣ ಬೇರೆಯೇ ಇತ್ತು. 1872ರಲ್ಲಿ ಮಲೆಯಾಳ ನಿಘಂಟನ್ನು ಹೊರತಂದ ಗುಂಡರ್ಟರು ಓದಿದ್ದು ಈ ಊರಿನಲ್ಲಿ. 1894ರಲ್ಲಿ ಕನ್ನಡ ನಿಘಂಟನ್ನಿತ್ತ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಎರಡೂ ಗ್ರಂಥಗಳು ಅಚ್ಚಾದದ್ದು ನಮ್ಮ ನೆರೆಯ ಮಂಗಳೂರಿನಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಎರಡು ನುಡಿಗಳನ್ನು ಎದುರಾಳಿಗಳೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆ ಊರಿನಲ್ಲಾದರೋ ಅವು ಜೊತೆಜೊತೆಯಾಗಿ ನೆನಪಾದವು. ದೂರದೇಶದವರು ನಮ್ಮ ನುಡಿಗಾಗಿ ದಶಕಗಳನ್ನು ಸವೆಸಿದರು. ನೆರೆಯ ಭಾಷೆಯನ್ನು ದೂರುವುದರಿಂದ ಕನ್ನಡ ಉಳಿಯದು. ಮನೆಯ ಮಕ್ಕಳಿಗೆ ಅದನ್ನು ಓದಲು ಬರೆಯಲು ಕಲಿಸಿದರಷ್ಟೇ ಉಳಿದೀತು.